ಗಾಜಿನ ಮೇಲಿನ ಬೆಲೆ

ಒಂದು ಸಾಮಾನಿಗೆ ಒಂದೇ ಬೆಲೆ ಇರಬೇಕು, ಆ ಬೆಲೆಯನ್ನು ಬರೆದ ಮೇಲೆ ಬರೆದವನು ಅದಕ್ಕೆ ಕಟ್ಟುಬಿದ್ದಿರಬೇಕು ಎಂದು ನಂಬಿಕೊಂಡು ಅರುವತ್ತು ವರ್ಷ ಕಳೆದವರು ನಾವು. ಚೌಕಾಶಿ ಮಾಡುವ ವಿದ್ಯೆ ನಮಗೆ ಬಾರದು. ನಮ್ಮ ಮನೆಯವರು ತರಕಾರಿಯವಳೊಡನೆ ಕಾಲು ಗಂಟೆ ವಾದಮಾಡಿ ಎರಡು ರೂಪಾಯಿ ಇಳಿಸಿಕೊಂಡು ಬರುವಾಗ ನಾವು ಚೀಲ ಹಿಡಿದು ದೂರದಲ್ಲಿ ನಿಂತು ದೇವಸ್ಥಾನದ ಗೋಪುರವನ್ನು ನೋಡುತ್ತಿರುತ್ತೇವೆ. ಚೌಕಾಶಿಯಲ್ಲಿ ಬೆಲೆ ಇಳಿಯುವುದನ್ನಾದರೂ ಹೀಗೆ ದೂರದಿಂದ ಕಂಡಿದ್ದೆವು. ಬರೆದಿಟ್ಟ ಬೆಲೆಯ ಪಕ್ಕದಲ್ಲಿಯೇ ಇನ್ನೊಂದು ಕಾಗದವನ್ನಂಟಿಸಿ ಅದನ್ನು ಏರಿಸಬಹುದೆಂಬುದನ್ನು ಕಂಡದ್ದು ೨೦೨೨ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ, ಅಮೆರಿಕಾ ದೇಶದ ನ್ಯೂಜೆರ್ಸಿ ಸಂಸ್ಥಾನದಲ್ಲಿ. ಅಂಥದನ್ನು ಕಂಡದ್ದು ಅದೇ ಮೊದಲು ಎಂದು ಬರೆಯಹೊರಟು ಲೇಖನಿಯನ್ನು ತಡೆದೆವು. ಅದು ಪೂರ್ತಿ ನಿಜವಲ್ಲ. ಏಕೆಂಬುದನ್ನು ಮುಂದೆ ಹೇಳಬೇಕಾಗಿದೆ.

ನಮ್ಮ ಮಗಳೂ ಅಳಿಯಂದಿರೂ ಅಲ್ಲಿ ಸಂಸಾರ ಹೂಡಿ ಆಗ ಐದಾರು ವರ್ಷಗಳಾಗಿದ್ದವು. ಮಗಳ ಎರಡನೆಯ ಬಾಣಂತನಕ್ಕೆಂದು ನಮ್ಮ ಮನೆಯವರು ಹೊರಟರು. ನಾವು ಹೈಸ್ಕೂಲಿನಲ್ಲಿ ಸಂಸ್ಕೃತ ಪಾಠ ಹೇಳುವ ಕೆಲಸದಿಂದ ಇನ್ನೂ ನಿವೃತ್ತರಾಗಿರಲಿಲ್ಲವಾದ ಕಾರಣ ಬೇಸಗೆಯ ರಜೆಗೆ ಗಳಿಕೆಯ ರಜೆಯನ್ನು ಸೇರಿಸಿಕೊಂಡು ಅವರ ಹಿಂದೆಯೇ ನಡೆದೆವು. ಅವರ ಮನೆಯಲ್ಲಿದ್ದುದು ಒಂದು ಸಣ್ಣ ಕಾರು. ಆ ದೇಶದಲ್ಲಿ ಎಳೆಯ ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಂಡು ಕಾರಿನಲ್ಲಿ ಹೋಗಕೂಡದು. ಒಂದೊಂದು ಮಗುವಿಗೂ ಒಂದೊಂದು ಪ್ರತ್ಯೇಕ ಆಸನವನ್ನು ಬಿಗಿದಿರಬೇಕು. ಅಂಥವೆರಡನ್ನು ಹಿಂದಿನ ಸೀಟಿನಲ್ಲಿ ಬಿಗಿದರೆ ಮಧ್ಯದಲ್ಲಿ ಒಬ್ಬ ಅಜ್ಜಿ ಕೂರುವಷ್ಟು ಸ್ಥಳವೂ ಉಳಿಯುವುದಿಲ್ಲ. ಆದುದರಿಂದ ಏಳೆಂಟು ಜನ ಕೂರುವ ಒಂದು ಬಂಡಿಯನ್ನು ಕೊಳ್ಳುವುದೆಂದು ಗಂಡಹೆಂಡಿರು ನಿಶ್ಚಯಿಸಿದ್ದರು. ಒಂದು ಭಾನುವಾರ ಹೋಗಿ ತಂದರಾಯಿತು ಎಂದುಕೊಂಡೆವು. ನಮ್ಮ ಅಜ್ಞಾನ ಅಲ್ಲಿಂದಲೇ ಪ್ರಾರಂಭವಾಯಿತು: ಆ ಸಂಸ್ಥಾನದಲ್ಲಿ ಭಾನುವಾರ ಕಾರು ಮಾರುವುದಕ್ಕೆ ಕಾನೂನಿನ ನಿಷೇಧವಿದೆಯೆಂದು ಅಳಿಯಂದಿರು ತಿಳಿಸಿದರು.

ಶನಿವಾರ ಹೋದೆವು. ದೊಡ್ಡ ಕುದುರೆಲಾಯದ ಅಂಗಳವನ್ನು ನೆನಪಿಗೆ ತರುವಂಥ ವಿಶಾಲವಾದ ಬಯಲು. ಸುತ್ತಲೂ ಬಣ್ಣಬಣ್ಣದ ಬಾವುಟಗಳು. ಬಯಲಲ್ಲಿ ಬಂಡಿಗಳೇ ಇಲ್ಲ. ಮೊದಲು ಇಲ್ಲಿ ಇನ್ನೂರು ಮುನ್ನೂರು ನಿಂತಿರುತ್ತಿದ್ದವೆಂದು ಅಳಿಯಂದಿರು ಹೇಳಿದರು. ಒಳಗೆ ಗಾಜಿನ ಕೋಣೆಯಲ್ಲಿ ನಮಗೆ ಬೇಕಾದ ಜಾತಿಯದು ಒಂದೇ ಒಂದು ಇತ್ತು. ಅದರ ಕಿಟಕಿಯ ಗಾಜಿಗೆ ಒಂದು ಅಗಲವಾದ ಕಾಗದವನ್ನಂಟಿಸಿದ್ದರು. ಅಕ್ಷರವೆಂದರೆ ಓದದೆ ಬಿಡದ ನಮ್ಮ ಸ್ವಭಾವದಂತೆ ಕನ್ನಡಕವೇರಿಸಿ ಓದಿದೆವು. ಬಹಳ ಸಂತೋಷವಾಯಿತು. ಬಂಡಿಯ ಹೆಸರು, ಗುರುತಿನ ಸಂಖ್ಯೆ, ಅದನ್ನು ಕೂಡಿಸಿದ ಊರು, ಮೂಲ ಬೆಲೆ, ಅದಕ್ಕೆ ಕಾರ್ಖಾನೆಯಲ್ಲಿ ಸೇರಿಸಿದ ಒಂದೊಂದು ಉಪಕರಣದ ಬೆಲೆ, ಸಾಗಣೆಯ ಖರ್ಚು, ಕೊನೆಗೆ ಗೆರೆಯೆಳೆದು ಒಟ್ಟು: ೪೪,೩೧೦ ಡಾಲರು. ಒಳ್ಳೆಯ ವಿದ್ಯಾರ್ಥಿಯೊಬ್ಬನು ಬಿಡಿಸಿದ ಲೆಕ್ಕದ ಹಾಗಿತ್ತು.

ಈ ಕಾಗದಕ್ಕೆ ಒಂದು ಚರಿತ್ರೆಯಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೨ರ ಫೆಬ್ರವರಿಯಿಂದ, ಅಮೆರಿಕದ ಕಾರ್ಖಾನೆಗಳು ಜನರಿಗಾಗಿ ಕಾರು ತಯಾರಿಸುವುದನ್ನು ನಿಲ್ಲಿಸಿ ಯುದ್ಧಸಾಮಗ್ರಿಗೆ ತೊಡಗಿದವು. ಯುದ್ಧ ಮುಗಿದಾಗ ದೇಶಕ್ಕೆ ದೇಶವೇ ಹೊಸ ಕಾರಿಗಾಗಿ ಬಾಯಿಬಿಟ್ಟುಕೊಂಡಿತ್ತು. ಆಗಿನ ವರ್ತಕರಲ್ಲಿ ಹಲವರು ಬೇಡದ ಸಲಕರಣೆಗಳನ್ನು ಕೊಳ್ಳುವವರ ತಲೆಗೆ ಕಟ್ಟಿದರು. ಹಳೆಯ ಕಾರನ್ನು ಕಡಮೆ ಬೆಲೆಗೆ ಕಿತ್ತುಕೊಂಡರು. ಹೊಸದನ್ನೇ ಹಳೆಯದೆಂದು ಹೆಸರಿಟ್ಟು ಹೊಸದಕ್ಕಿಂತ ಹೆಚ್ಚಿಗೆ ಮಾರುವುದೂ ನಡೆಯಿತು. ೧೯೫೦ರ ದಶಕದಲ್ಲಿ ಕಾರುಗಳು ಹೇರಳವಾದ ಮೇಲೆ ಮೋಸ ಬೇರೆ ರೂಪ ತಾಳಿತು: ನಿಜವಾದ ಬೆಲೆ ಯಾವುದೆಂದೇ ಗಿರಾಕಿಗೆ ತಿಳಿಯದ ಹಾಗೆ ಮೊದಲು ಏರಿಸಿ ಆಮೇಲೆ ರಿಯಾಯಿತಿಯೆಂದು ಇಳಿಸುವುದು. ಓಕ್ಲಹೋಮಾ ಸಂಸ್ಥಾನದ ಸೆನೆಟರ್ ಮೈಕ್ ಮನ್ರೋನಿ ಎಂಬವರು ಇದನ್ನು ವಿಚಾರಿಸಿ ೧೯೫೮ರಲ್ಲಿ ಒಂದು ಶಾಸನವನ್ನು ಮಾಡಿಸಿದರು. ಹೊಸ ಕಾರಿನ ಗಾಜಿನ ಮೇಲೆ ಈ ಕಾಗದ ಇರಲೇಬೇಕು. ಕೊಂಡವನ ಕೈಸೇರುವ ಮೊದಲು ಅದನ್ನು ಕೀಳಕೂಡದು. ಇಂದಿಗೂ ಆ ಜನ ಅದನ್ನು ಮನ್ರೋನಿ ಸ್ಟಿಕ್ಕರೆಂದೇ ಕರೆಯುತ್ತಾರೆ. ಕಾನೂನಿಗೆ ಹೆಸರಿಟ್ಟುಹೋದವರು ಬಹಳ ಮಂದಿ. ಮನೆಮನೆಯ ಬಾಯಲ್ಲಿ ಒಂದು ಕಾಗದವಾಗಿ ಉಳಿದವರು ಕಡಮೆ.

ಆದರೆ ಆ ಕಾಗದದ ಪಕ್ಕದಲ್ಲಿ, ಅದೇ ಅಗಲದ, ಅದೇ ಬಣ್ಣದ ಅಂಚಿನ ಇನ್ನೊಂದು ಕಾಗದವಿತ್ತು. ಮೊದಲನೆಯದರ ತಮ್ಮನೋ ಎಂಬ ಹಾಗೆ ತೋರುತ್ತಿತ್ತು. ಬಣ್ಣ ಕೆಡದಂತೆ ಲೇಪ, ೧,೨೯೫ ಡಾಲರು. ಚಕ್ರಗಳಿಗೆ ನೈಟ್ರೋಜನ್, ೧೯೯ ಡಾಲರು. ನಾವು ಸಂಸ್ಕೃತ ಓದಿದವರೇ ಆದರೂ ನಾವು ಉಸಿರಾಡುವ ಗಾಳಿಯಲ್ಲಿ ಐದರಲ್ಲಿ ನಾಲ್ಕು ಪಾಲು ಅದೇ ನೈಟ್ರೋಜನ್ ಎಂಬುದನ್ನು ಪಕ್ಕದ ತರಗತಿಯ ವಿಜ್ಞಾನದ ಮೇಷ್ಟರ ಬಾಯಿಂದ ಗೋಡೆಯ ಮೂಲಕ ಮೂವತ್ತು ವರ್ಷ ಕೇಳಿದ್ದೇವೆ. ಅದಂತಿರಲಿ. ಎಲ್ಲಕ್ಕೂ ಕೆಳಗೆ ಒಂದು ಸಾಲು: ಮಾರ್ಕೆಟ್ ಅಡ್ಜಸ್ಟ್‌ಮೆಂಟ್, ೭,೦೦೦ ಡಾಲರು. ಅಳಿಯಂದಿರನ್ನು ಅರ್ಥ ಕೇಳಿದೆವು. "ಏನೂ ಅರ್ಥವಿಲ್ಲ ಮಾವ, ಸುಮ್ಮನೆ ಏಳು ಸಾವಿರ," ಎಂದರು. ನಮ್ಮ ರೂಪಾಯಿಯಲ್ಲಿ ಐದು ಲಕ್ಷಕ್ಕೂ ಮೇಲು.

ಮಾರುವ ಹುಡುಗ ಬಂದನು. ಸಭ್ಯನಾದ ಯುವಕ. ನಮಗೆ ನಮಸ್ಕಾರವನ್ನೂ ಮಾಡಿದನು. ಆ ಊರಿನಲ್ಲಿ ನಮ್ಮವರು ಬಹಳವಾಗಿ ಇರುವುದರಿಂದ ಅಭ್ಯಾಸವಾಗಿರಬೇಕು. ಅವನ ದೃಷ್ಟಿ ಮೊದಲು ನಮ್ಮ ಮಗಳ ತುಂಬುಬಸಿರಿನ ಮೇಲೆ ಬಿತ್ತು, ಆಮೇಲೆ ನಾವು ಬಂದಿಳಿದಿದ್ದ ಸಣ್ಣ ಕಾರಿನ ಮೇಲೆ ಬಿತ್ತು. ಆ ಎರಡು ನೋಟಗಳ ನಡುವೆ ಅವನ ಲೆಕ್ಕ ಮುಗಿದಿತ್ತೆಂದು ನಮಗನಿಸಿತು. ಬೆಲೆಯಲ್ಲಿ ಏನಾದರೂ ಬಿಡಬಹುದೇ ಎಂದು ಅಳಿಯಂದಿರು ಕೇಳಿದ್ದಕ್ಕೆ, ಬಹಳ ವಿಷಾದದಿಂದ, ನೈಟ್ರೋಜನ್ನಿನ ಹಣವನ್ನು ಬಿಡಬಹುದೆಂದನು.

ನಮಗೆ ತಡೆಯಲಾಗಲಿಲ್ಲ. ಮೂವತ್ತು ವರ್ಷ ಬೋರ್ಡಿನ ಮುಂದೆ ನಿಂತ ಶರೀರ. ನಮಗಿರುವ ಇಂಗ್ಲಿಷಿನಲ್ಲಿಯೇ ಅವನನ್ನು ಪ್ರಶ್ನೆ ಮಾಡಿದೆವು. ಈ ಮೊದಲನೆಯ ಕಾಗದವನ್ನು ಬರೆದವರು ಯಾರು? ಬಂಡಿಯನ್ನು ಮಾಡಿದ ಕಂಪನಿಯವರು. ಎರಡನೆಯದನ್ನು? ನಾವು. ಹಾಗಾದರೆ ಬಂಡಿಯನ್ನು ಮಾಡಿದವನಿಗೇ ತಿಳಿಯದ ಅದರ ಬೆಲೆ ನಿಮಗೆ ಹೇಗೆ ತಿಳಿಯಿತು?

ಹುಡುಗ ಕೋಪಿಸಿಕೊಳ್ಳಲಿಲ್ಲ. ಅವನು ಕೊಟ್ಟ ಉತ್ತರದ ಸಾರಾಂಶ ಇದು: "ಮಹಾಶಯರೇ, ಈ ದಿನ ನಿಮಗಿಂತ ಮೊದಲು ಮೂವರು ಬಂದು ಇದನ್ನು ನೋಡಿಹೋದರು. ನಾವು ಗಾಜಿನ ಮೇಲಿನ ಬೆಲೆಗೇ ಕೊಟ್ಟೆವು ಎನ್ನಿ. ಕೊಂಡವನು ನಾಳೆಯೇ ಇದನ್ನು ಇನ್ನೊಬ್ಬನಿಗೆ ಐದಾರು ಸಾವಿರ ಹೆಚ್ಚಿಗೆ ಮಾರಿಕೊಳ್ಳಬಹುದು, ಮಾರಿಕೊಂಡವರಿದ್ದಾರೆ. ಆ ಹಣ ಹುಟ್ಟುವುದಂತೂ ನಿಶ್ಚಯ. ಅದು ಅವನಿಗೆ ಏಕೆ ಸೇರಬೇಕು, ನಮಗೆ ಏಕೆ ಸೇರಬಾರದು?"

ನಾವು ಮಾತನಾಡಲಿಲ್ಲ. ಇಂಗ್ಲಿಷು ಸಾಲದೆ ಸುಮ್ಮನಾದರೆಂದು ಅಳಿಯಂದಿರು ತಿಳಿದರು. ಕಾರಣ ಬೇರೆಯಿತ್ತು.

ಅದನ್ನು ಹೇಳುವ ಮೊದಲು, ಬಂಡಿಗಳು ಎಲ್ಲಿಗೆ ಹೋದವು ಎಂಬುದನ್ನು ವಾಚಕರಿಗೆ ತಿಳಿಸುವುದು ಯುಕ್ತ. ಈಗಿನ ಕಾರಿನಲ್ಲಿ ನೂರಾರು ಎಲೆಕ್ಟ್ರಾನಿಕ್ ಚಿಪ್ಪುಗಳಿರುತ್ತವೆ. ಗಾಜು ಇಳಿಸುವುದಕ್ಕೊಂದು, ಬಿರಿಗೊಂದು, ದೀಪಕ್ಕೊಂದು. ೨೦೨೦ರಲ್ಲಿ ಮಹಾಮಾರಿ ಬಂದಾಗ ಇನ್ನು ಕಾರು ಕೊಳ್ಳುವವರಿಲ್ಲವೆಂದು ಕಂಪನಿಗಳು ಚಿಪ್ಪುಗಳ ಬೇಡಿಕೆಯನ್ನು ರದ್ದುಮಾಡಿದವು. ಮನೆಯಲ್ಲಿ ಕುಳಿತ ಜನ ಕಂಪ್ಯೂಟರುಗಳನ್ನು ಕೊಳ್ಳತೊಡಗಿದ್ದರಿಂದ ಚಿಪ್ಪು ಮಾಡುವವರು ಆ ಕಡೆ ತಿರುಗಿದರು. ಕೆಲವೇ ತಿಂಗಳಲ್ಲಿ ಕಾರು ಕೇಳುವವರೂ ಮರಳಿ ಬಂದರು. ಚಿಪ್ಪುಗಳು ಮರಳಿ ಬರಲಿಲ್ಲ. ೨೦೨೧ರ ಫೆಬ್ರವರಿಯಲ್ಲಿ ಟೆಕ್ಸಾಸಿನ ಹಿಮಗಾಳಿ ಅಲ್ಲಿನ ಚಿಪ್ಪಿನ ಕಾರ್ಖಾನೆಗಳನ್ನು ನಿಲ್ಲಿಸಿತು. ಮಾರ್ಚಿಯಲ್ಲಿ ಜಪಾನಿನ ನಾಕಾ ಎಂಬಲ್ಲಿ ರೆನೆಸಾಸ್ ಕಂಪನಿಯ ಕಾರ್ಖಾನೆಗೆ ಬೆಂಕಿ ಬಿತ್ತು. ಜಗತ್ತಿನಲ್ಲಿ ಅತಿ ದೊಡ್ಡದಾದ ಟೊಯೋಟಾ ಕಂಪನಿಯೇ ಆ ಸೆಪ್ಟೆಂಬರಿನ ತಯಾರಿಕೆಯಲ್ಲಿ ನೂರಕ್ಕೆ ನಲವತ್ತನ್ನು ಕಡಿತಮಾಡಿತು. ಅಮೆರಿಕದಲ್ಲಿ ೨೦೧೯ರಲ್ಲಿ ಒಂದು ಕೋಟಿ ಎಪ್ಪತ್ತು ಲಕ್ಷದಷ್ಟು ಹೊಸ ಬಂಡಿಗಳು ಮಾರಾಟವಾಗಿದ್ದರೆ ೨೦೨೨ರಲ್ಲಿ ಒಂದು ಕೋಟಿ ನಲವತ್ತು ಲಕ್ಷವೂ ಆಗಲಿಲ್ಲ. ಗಾಜಿನ ಮೇಲಿನ ಬೆಲೆಗಿಂತ ಹೆಚ್ಚು ತೆತ್ತವರು ಮಹಾಮಾರಿಗೆ ಮುಂಚೆ ಸಾವಿರಕ್ಕೆ ನಾಲ್ಕೈದು ಜನರೂ ಇರಲಿಲ್ಲ; ೨೦೨೨ರ ಜನವರಿಯಲ್ಲಿ ನೂರಕ್ಕೆ ಎಂಬತ್ತು ಜನ ಮೀರಿದ್ದರು.

ಇದಕ್ಕೆ ಕಾನೂನಿನ ತಡೆಯಿಲ್ಲವೇ ಎಂದರೆ, ಇಲ್ಲ. ಮನ್ರೋನಿಯವರ ಕಾಗದದಲ್ಲಿರುವುದು ಸೂಚಿಸಿದ ಬೆಲೆಯೇ ಹೊರತು ವಿಧಿಸಿದ ಬೆಲೆಯಲ್ಲ. ಇದು ನಮಗೆ ಬಹಳ ವಿಚಿತ್ರವಾಗಿ ಕಂಡಿತು. ನಮ್ಮ ದೇಶದಲ್ಲಿ ೧೯೯೦ರಿಂದೀಚೆಗೆ ಪೊಟ್ಟಣದ ಮೇಲೆ ಗರಿಷ್ಠ ಬೆಲೆಯನ್ನು ಅಚ್ಚುಹಾಕುವ ಪದ್ಧತಿ ಬಂದು, ಅದಕ್ಕೆ ಮೇಲೆ ಒಂದು ರೂಪಾಯಿ ಕೇಳಿದರೂ ಮಗು ಸಹ ಅಂಗಡಿಯವನ ಮುಂದೆ ಪೊಟ್ಟಣವನ್ನು ತಿರುಗಿಸಿ ತೋರಿಸುತ್ತದೆ. ಅಲ್ಲಿ ಅಂಥ ಗರಿಷ್ಠ ಬೆಲೆಯಿಲ್ಲ. ವರ್ತಕನು ಕಂಪನಿಯ ಆಳಲ್ಲ. ಬಂಡಿಯನ್ನು ಕೊಂಡು ಮಾರುವ ಸ್ವತಂತ್ರನು. ಬಹುಮಟ್ಟಿನ ಸಂಸ್ಥಾನಗಳಲ್ಲಿ ಇಂಥ ವರ್ತಕರುಳ್ಳ ಕಂಪನಿ ಗಿರಾಕಿಗೆ ನೇರವಾಗಿ ಮಾರಕೂಡದೆಂಬ ಕಾನೂನೂ ಇದೆ. ೨೦೨೨ರ ಮೊದಲಲ್ಲಿ ಫೋರ್ಡ್, ಜನರಲ್ ಮೋಟರ್ಸ್ ಕಂಪನಿಗಳು ತಮ್ಮ ವರ್ತಕರಿಗೆ ಹೀಗೆ ಏರಿಸಿದರೆ ಮುಂದೆ ಬಂಡಿಗಳನ್ನು ಕಡಮೆ ಕಳುಹಿಸುವೆವೆಂದು ಎಚ್ಚರಿಕೆ ಕೊಟ್ಟವು. ಹೆಸರು ಕೆಡುವುದು ತಮ್ಮದು, ಹಣ ಸೇರುವುದು ವರ್ತಕನಿಗೆ ಎಂಬುದು ಅವರ ಸಂಕಟ. ವರ್ತಕರನ್ನೇ ಇಟ್ಟುಕೊಳ್ಳದ ಟೆಸ್ಲಾ ಕಂಪನಿಯಾದರೋ ಆ ಎರಡು ವರ್ಷಗಳಲ್ಲಿ ತನ್ನ ಬೆಲೆಯನ್ನು ತಾನೇ ಮತ್ತೆ ಮತ್ತೆ ಏರಿಸಿತು. ಅಲ್ಲಿ ಎರಡನೆಯ ಕಾಗದದ ಅವಶ್ಯಕವೇ ಬೀಳಲಿಲ್ಲ. ಅಮೆರಿಕದ ವ್ಯಾಪಾರ ಆಯೋಗ ೨೦೨೩ರ ಡಿಸೆಂಬರಿನಲ್ಲಿ ಒಂದು ನಿಯಮವನ್ನು ಹೊರಡಿಸಿತು. ಅದು ಸಹ ಬೆಲೆ ಏರಿಸಬೇಡಿರೆನ್ನಲಿಲ್ಲ, ಪೂರ್ತಿ ಬೆಲೆಯನ್ನು ಮೊದಲೇ ಹೇಳಿ, ಪ್ರಯೋಜನವಿಲ್ಲದ ವಸ್ತುವನ್ನು ತಲೆಗೆ ಕಟ್ಟಬೇಡಿ ಎಂದಿತು. ಅಷ್ಟನ್ನೂ ೨೦೨೫ರ ಜನವರಿಯಲ್ಲಿ ಅಲ್ಲಿನ ಮೇಲ್ಮನವಿಯ ನ್ಯಾಯಾಲಯ ರದ್ದುಮಾಡಿತು. ನಿಯಮವನ್ನು ಮಾಡಿದ ಕ್ರಮದಲ್ಲಿ ಲೋಪವಿದೆಯೆಂಬುದು ಕಾರಣ.

ನಮ್ಮವರು ಸಾಧುಗಳೆಂದು ಯಾರೂ ಹಿಗ್ಗಬೇಕಾದುದಿಲ್ಲ. ಅದೇ ಕಾಲದಲ್ಲಿ ಇಲ್ಲಿಯೂ ಕೆಲವು ಕಾರುಗಳಿಗೆ ವರ್ಷ ಮೀರಿದ ಸರತಿಯಿತ್ತು. ನಮ್ಮ ನೆರೆಮನೆಯವರು ಒಂದನ್ನು ಕೊಳ್ಳಹೋದಾಗ ಬೆಲೆಯಲ್ಲಿ ಒಂದು ಕಾಸೂ ಹೆಚ್ಚಿಲ್ಲವೆಂದು ಹೇಳಿ, ವಿಮೆಯನ್ನು ಅಲ್ಲಿಯೇ ಮಾಡಿಸಬೇಕು, ಕಾಲಡಿಯ ಹಾಸನ್ನೂ ಸೀಟಿನ ಕವಚವನ್ನೂ ಅಲ್ಲಿಯೇ ಕೊಳ್ಳಬೇಕು, ಹ್ಯಾಂಡ್ಲಿಂಗ್ ಎಂದು ಇನ್ನಷ್ಟು ಕೊಡಬೇಕು ಎಂದರಂತೆ. ಗೋವಿಂದನ ಬದಲು ಮುಕುಂದ.

ಈಗ ನಮ್ಮ ಮೌನದ ವಿಷಯ. ಆ ರಾತ್ರಿ ಮಗಳ ಮನೆಯಲ್ಲಿ ನಿದ್ದೆ ಬಾರದೆ ಕುಳಿತಿದ್ದಾಗ ಕೌಟಿಲ್ಯನ ಅರ್ಥಶಾಸ್ತ್ರ ನೆನಪಿಗೆ ಬಂದಿತು. ಅದರಲ್ಲಿ ವರ್ತಕರಿಂದ ಪ್ರಜೆಗಳನ್ನು ರಕ್ಷಿಸುವ ಪ್ರಕರಣವೊಂದಿದೆ. ಗೊತ್ತುಮಾಡಿದ ಕ್ರಯದ ಮೇಲೆ ಸ್ವದೇಶದ ಸರಕಿಗೆ ನೂರಕ್ಕೆ ಐದು, ಪರದೇಶದ ಸರಕಿಗೆ ನೂರಕ್ಕೆ ಹತ್ತು ಲಾಭ. ಅದಕ್ಕೆ ಮೀರಿ ನೂರು ಪಣಕ್ಕೆ ಐದು ಪಣ ಹೆಚ್ಚು ತೆಗೆದವನಿಗೆ ಇನ್ನೂರು ಪಣ ದಂಡ. ವರ್ತಕರು ಒಟ್ಟುಗೂಡಿ ಸರಕನ್ನು ತಡೆದಿಟ್ಟರೆ ಸಾವಿರ ಪಣ. ಇದೆಲ್ಲ ಯಾವ ಗೃಹಸ್ಥನೂ ನಿರೀಕ್ಷಿಸುವಂಥದೇ. ಆಶ್ಚರ್ಯವಿರುವುದು ಸುಂಕದ ಅಧ್ಯಕ್ಷನ ಪ್ರಕರಣದಲ್ಲಿ. ವರ್ತಕನು ಸುಂಕದ ಕಟ್ಟೆಯಲ್ಲಿ ತನ್ನ ಸರಕಿನ ಪ್ರಮಾಣವನ್ನೂ ಬೆಲೆಯನ್ನೂ ಸಾರಿ, ಈ ಬೆಲೆಗೆ ಕೊಳ್ಳುವವರು ಯಾರೆಂದು ಮೂರು ಸಾರಿ ಕೂಗಬೇಕು. ಕೊಳ್ಳುವವರು ತಮ್ಮತಮ್ಮಲ್ಲಿ ಪೈಪೋಟಿ ಹೂಡಿ ಬೆಲೆ ಏರಿತೋ, ಏರಿದ ಹಣ ಸುಂಕದೊಡನೆ ರಾಜನ ಬೊಕ್ಕಸಕ್ಕೆ ಸೇರತಕ್ಕದ್ದು. ಮಾರುವವನಿಗೂ ಇಲ್ಲ, ಕೊಳ್ಳುವವನಿಗೂ ಇಲ್ಲ. ಆ ಹುಡುಗ ಕೇಳಿದ ಪ್ರಶ್ನೆಯನ್ನು ಎರಡು ಸಾವಿರ ವರ್ಷಗಳ ಹಿಂದೆಯೇ ಯಾರೋ ಕೇಳಿದ್ದಾರೆ, ಮತ್ತು ಉತ್ತರವೂ ಬರೆಯಲ್ಪಟ್ಟಿದೆ.

ಈ ಗ್ರಂಥ ಹೆಸರಿನಿಂದ ಮಾತ್ರ ಪ್ರಸಿದ್ಧವಾಗಿ ಬಹುಕಾಲ ಕಣ್ಮರೆಯಾಗಿದ್ದಿತು. ತಂಜಾವೂರಿನ ಕಡೆಯ ಒಬ್ಬ ಪಂಡಿತರು ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಒಪ್ಪಿಸಿದ ತಾಳೆಗರಿಯ ಕಟ್ಟಿನಲ್ಲಿ ೧೯೦೫ರಲ್ಲಿ ಇದನ್ನು ಗುರುತಿಸಿದವರು ಆರ್. ಶಾಮಶಾಸ್ತ್ರಿಗಳು, ೧೯೦೯ರಲ್ಲಿ ಅಚ್ಚುಹಾಕಿಸಿದವರೂ ಅವರೇ. ನಮ್ಮ ಬಳಿಯಿರುವ ಪ್ರತಿಯನ್ನು ೧೯೮೪ರಲ್ಲಿ, ಮೈಸೂರಿನ ಸಂಸ್ಕೃತ ಪಾಠಶಾಲೆಯಲ್ಲಿ ವಿದ್ವತ್ತಿಗೆ ಓದುತ್ತಿದ್ದಾಗ, ಹಳೆಯ ಪುಸ್ತಕದ ಅಂಗಡಿಯಲ್ಲಿ ಕೊಂಡೆವು. ಅದನ್ನು ಕೊಳ್ಳಲು ಹಣ ಎಲ್ಲಿಂದ ಬಂದಿತೆಂಬುದನ್ನು ಈ ತನಕ ನಮ್ಮ ಮಕ್ಕಳಿಗೂ ಹೇಳಿರಲಿಲ್ಲ.

ನಮ್ಮ ತಂದೆಯವರು ಶಿವಮೊಗ್ಗೆಯ ಸೀಮೆಯ ಹಳ್ಳಿಯೊಂದರಲ್ಲಿ ಪ್ರೈಮರಿ ಸ್ಕೂಲಿನ ಉಪಾಧ್ಯಾಯರು. ಮೂರು ಮೈಲಿ ನಡೆದು ಹೋಗಿ ಮೂರು ಮೈಲಿ ನಡೆದು ಬರುವರು. ೧೯೭೬ರಲ್ಲಿ ಯಾರೋ ಹುರಿದುಂಬಿಸಿದ್ದರಿಂದ ಅಂಚೆಯ ಉಳಿತಾಯ ಖಾತೆಯಲ್ಲಿ ೨೫೦ ರೂಪಾಯಿ ಕಟ್ಟಿ, ಆ ಪಾಸುಬುಕ್ಕನ್ನು ಪೇಟೆಯ ವರ್ತಕರೊಬ್ಬರ ಹೆಸರಿಗೆ ಒತ್ತೆಯಿಟ್ಟು, ಒಂದು ಚೇತಕ್ ಸ್ಕೂಟರಿಗೆ ಹೆಸರು ಬರೆಸಿದರು. ಆ ಕಾಲದ ಕ್ರಮವೇ ಹಾಗೆ. ಎಷ್ಟು ಸ್ಕೂಟರು ಮಾಡಬೇಕೆಂಬುದಕ್ಕೆ ಸರ್ಕಾರದ ಪರವಾನಗಿ. ಹೇಗೆ ಹಂಚಬೇಕೆಂಬುದಕ್ಕೆ ೧೯೬೦ರ ಒಂದು ನಿಯಂತ್ರಣದ ಆಜ್ಞೆ. ಮಾಡುವವನು ಹೆಚ್ಚು ಮಾಡಲಾರ. ಕೊಳ್ಳುವವನು ಕಾಯುವುದನ್ನು ಬಿಟ್ಟು ಬೇರೆ ಮಾಡಲಾರ. ಹೊರದೇಶದಿಂದ ಡಾಲರು ಕಳುಹಿಸುವ ನೆಂಟರಿದ್ದವರಿಗೆ ಮಾತ್ರ ಸರತಿ ತಪ್ಪಿಸಿ ಬೇಗ ಸಿಕ್ಕುವ ಒಂದು ದಾರಿಯಿತ್ತು. ನಮ್ಮ ವಂಶದಲ್ಲಿ ಅಲ್ಲಿಯ ತನಕ ತುಂಗಭದ್ರೆಯನ್ನು ದಾಟಿದವರೇ ಇಬ್ಬರು. ಹೀಗೆ ಎಂಟು ವರ್ಷ ಕಳೆಯಿತು. ಆ ಎಂಟು ವರ್ಷವೂ ಮನೆಯಲ್ಲಿ 'ಸ್ಕೂಟರು ಬಂದ ಮೇಲೆ' ಎಂಬ ಮಾತು ಒಂದು ತಿಥಿಯ ಹಾಗೆ ಬಳಕೆಯಲ್ಲಿತ್ತು. ಸ್ಕೂಟರು ಬಂದ ಮೇಲೆ ಅಮ್ಮನನ್ನು ಸಾಗರಕ್ಕೆ ಕರೆದುಕೊಂಡು ಹೋಗುವುದು, ಸ್ಕೂಟರು ಬಂದ ಮೇಲೆ ಜಗಲಿಯನ್ನು ಅಗಲಮಾಡಿಸುವುದು.

೧೯೮೪ರಲ್ಲಿ ಕಾಗದ ಬಂದಿತು. ಎಂಟು ಸಾವಿರ ರೂಪಾಯಿಯಷ್ಟನ್ನು ಕಟ್ಟಿ ಗಾಡಿಯನ್ನು ತೆಗೆದುಕೊಂಡು ಹೋಗಬಹುದೆಂದು ಒಕ್ಕಣೆ. ಅಪ್ಪನ ಸಂಬಳ ತಿಂಗಳಿಗೆ ಸಾವಿರವನ್ನು ಮುಟ್ಟಿರಲಿಲ್ಲ. ಅದೇ ವರ್ಷ ನಮ್ಮನ್ನು ಮೈಸೂರಿಗೆ ಕಳುಹಿಸಬೇಕಾಗಿತ್ತು. ಊಟಕ್ಕೂ ಕೊಠಡಿಗೂ ಹಣವಿರಲಿಲ್ಲ. ಪಕ್ಕದ ತಾಲ್ಲೂಕಿನ ಪಶುವೈದ್ಯಶಾಲೆಯ ಕಾಂಪೌಂಡರೊಬ್ಬರು ಹೇಗೋ ಸುದ್ದಿ ತಿಳಿದು ಮನೆಗೆ ಬಂದರು. ದನಕರುಗಳ ಕಾಯಿಲೆಗೆ ಊರೂರು ಅಲೆಯುವ ಮನುಷ್ಯ. ಸೈಕಲ್ಲು ತುಳಿದು ಮೊಣಕಾಲು ಹೋಗಿತ್ತು. ಗಾಡಿಯ ಬೆಲೆಯ ಮೇಲೆ ೪,೫೦೦ ರೂಪಾಯಿ ಪ್ರೀಮಿಯಂ ಕೊಡುವುದಾಗಿ ತಾವೇ ಹೇಳಿದರು. ಪೇಟೆಯ ಧಾರಣೆ ಅದೇ ಆಗಿತ್ತು. ಕೊಂಡ ಗಾಡಿಯನ್ನು ಕೂಡಲೇ ಮಾರಬಾರದೆಂಬ ಕಟ್ಟಳೆಯಿದ್ದುದರಿಂದ ಎರಡು ವರ್ಷ ಕಾಗದಪತ್ರಗಳು ಅಪ್ಪನ ಹೆಸರಿನಲ್ಲಿಯೇ ಇರತಕ್ಕದ್ದೆಂದೂ ಮಾತಾಯಿತು.

ಅಪ್ಪ ಒಂದು ರಾತ್ರಿಯೆಲ್ಲ ಜಗಲಿಯಲ್ಲಿ ಕುಳಿತಿದ್ದರು. ಬೆಳಗ್ಗೆ ಒಪ್ಪಿಕೊಂಡರು.

ಹಣ ತರಲು ಹೋದವರು ನಾವು. ಕಾಂಪೌಂಡರ ಮನೆಯಲ್ಲಿ ಅವರ ಹೆಂಡತಿ ಕಾಫಿ ಕೊಟ್ಟರು. ಅವರು ನೋಟುಗಳನ್ನು ಟವಲಿನ ಮೇಲೆ ಹರಡಿ ಎರಡು ಸಾರಿ ಎಣಿಸಿ, ಇದರಲ್ಲಿ ಅರ್ಧ ಸೊಸೈಟಿಯ ಸಾಲ ಎಂದು ನಕ್ಕರು. ನಮಗೆ ಆಗ ಇಪ್ಪತ್ತು ವರ್ಷ. ತರ್ಕಸಂಗ್ರಹವನ್ನು ಮುಗಿಸಿದ್ದ ಠೇಂಕಾರ. ಪ್ರೀಮಿಯಂ ತಮಗೆ ಹೊರೆಯಾಗಲಿಲ್ಲವೇ ಎಂದು ಕೇಳಿದೆವು. "ಆಗದೇ ಏನು ಮಾರಾಯರೇ? ನಿಮ್ಮ ತಂದೆಯವರು ಎಂಟು ವರ್ಷ ಕಾದರು, ನಾನು ಕಾಯಲಿಲ್ಲ. ಕಾಯದ ತಪ್ಪಿಗೆ ತೆತ್ತೆ ಎಂದುಕೊಂಡರಾಯಿತು," ಎಂದರು. ಆ ಗಂಟನ್ನು ಪಂಚೆಯ ಒಳಸುತ್ತಿಗೆ ಕಟ್ಟಿಕೊಂಡು ಬಸ್ಸಿನಲ್ಲಿ ಕುಳಿತಾಗ, ಅವರ ಮಾತಿನಿಂದ ನಮ್ಮ ಮನಸ್ಸು ಹಗುರವಾಯಿತೆಂಬುದನ್ನು ಇಲ್ಲಿ ಮರೆಮಾಚುವುದಿಲ್ಲ. ಆ ಹಣದಲ್ಲಿ ಎರಡು ವರ್ಷ ಉಂಡೆವು, ಓದಿದೆವು, ಅರ್ಥಶಾಸ್ತ್ರವನ್ನು ಕೊಂಡೆವು. ಸುಂಕದ ಅಧ್ಯಕ್ಷನ ಪ್ರಕರಣಕ್ಕೆ ಬಂದಾಗ ಆ ಪುಟವನ್ನು ಸ್ವಲ್ಪ ಬೇಗನೆಯೇ ಮಗುಚಿದೆವು.

ನ್ಯೂಜೆರ್ಸಿಯ ಹುಡುಗನ ಮುಂದೆ ನಮ್ಮ ನಾಲಗೆ ಕಟ್ಟಿದುದಕ್ಕೆ ಕಾರಣ ಇದು. ನಾಳೆ ಮಾರಿಕೊಳ್ಳುವವನೆಂದು ಅವನು ಯಾರನ್ನು ಬೆರಳುಮಾಡಿ ತೋರಿಸಿದನೋ ಆ ಮನುಷ್ಯ ನಮ್ಮ ಮನೆಯಲ್ಲಿಯೇ ಇದ್ದನು. ಅಪ್ಪನ ಪ್ರೀಮಿಯಂ ಎಂಟು ವರ್ಷದ ಕೂಲಿ, ವರ್ತಕನದು ಒಂದು ನೋಟದ ಕೂಲಿ ಎಂದು ಭೇದವನ್ನು ಕಲ್ಪಿಸಲು ಪ್ರಯತ್ನಿಸಿದೆವು. ಸ್ವಲ್ಪ ದೂರ ಅದು ನಿಲ್ಲುತ್ತದೆ. ಅಪ್ಪ ಅದನ್ನು ಪ್ರೀಮಿಯಂ ಎಂದೇ ಕರೆದರು. ಚಕ್ರದ ಗಾಳಿಯೆಂದು ಹೆಸರಿಡಲಿಲ್ಲ. ಬಂದವರ ಹೊಟ್ಟೆಯನ್ನೂ ಮೊಣಕಾಲನ್ನೂ ನೋಡಿ ಮೊತ್ತವನ್ನು ಗೊತ್ತುಮಾಡಲಿಲ್ಲ. ಅಭಾವದ ಕಾಲದಲ್ಲಿ ಬೆಲೆ ಏರುವುದನ್ನು ಯಾವ ಶಾಸ್ತ್ರವೂ ಪೂರ್ತಿ ತಡೆಯಲಾರದೆಂದು ನಮ್ಮ ಬುದ್ಧಿಗೆ ತೋರುತ್ತದೆ. ಏರಿಸುವವನು ಮೊದಲೇ, ಎಲ್ಲರಿಗೂ ಒಂದೇ ಆಗಿ, ಇದು ನನ್ನ ಲಾಭ ಎಂದು ಬರೆದಿಟ್ಟರೆ ಅವನನ್ನು ದುಬಾರಿಯವನೆನ್ನಬಹುದು, ಮೋಸಗಾರನೆನ್ನಲಾಗದು. ಆದರೆ ಆ ಸ್ಕೂಟರು ಸರತಿಯಲ್ಲಿ ನಿಂತವನು ಓಡಿಸಲೆಂದು ಸರ್ಕಾರ ಕೊಟ್ಟದ್ದು. ಅಪ್ಪ ಅದನ್ನು ಒಂದು ಫರ್ಲಾಂಗೂ ಓಡಿಸಲಿಲ್ಲ. ಅಲ್ಲಿಗೆ ಬಂದಾಗ ನಮ್ಮ ಭೇದಕಲ್ಪನೆ ನಿಂತುಹೋಗುತ್ತದೆ.

ಮರುದಿನ ತಿಂಡಿಯ ಹೊತ್ತಿನಲ್ಲಿ ಇದೆಲ್ಲವನ್ನೂ ಮಗಳಿಗೆ ಹೇಳಿದೆವು. ಅವಳು ಬಹಳ ಹೊತ್ತು ಸುಮ್ಮನಿದ್ದು, "ಅಜ್ಜ ಯಾವತ್ತೂ ನನ್ನ ಹತ್ತಿರ ಹೇಳಿರಲಿಲ್ಲ," ಎಂದಳು. ಆಮೇಲೆ ಗಂಡನ ಕಡೆಗೆ ತಿರುಗಿ, ಏಳು ಸಾವಿರ ಕೊಡುವುದು ಬೇಡ, ಕಾಯೋಣ ಎಂದಳು. ನಮ್ಮ ಮನೆಯವರಿಗೆ ಇದು ಸರಿಬರಲಿಲ್ಲ. "ನಿಮ್ಮ ಶಾಸ್ತ್ರದ ಮಾತು ಕೇಳಿಕೊಂಡು ಹಸುಗೂಸನ್ನು ಆ ಡಬ್ಬಿಯಲ್ಲಿ ತರಬೇಕೇ?" ಎಂದು ನಮ್ಮನ್ನೇ ಗದರಿದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಅಳಿಯಂದಿರು ಎರಡು ವಾರ ಟೆಲಿಫೋನು ಮಾಡಿ ಮಾಡಿ, ಪೆನ್ಸಿಲ್ವೇನಿಯಾದಲ್ಲಿ ಒಬ್ಬ ವರ್ತಕರು ಗಾಜಿನ ಮೇಲಿನ ಬೆಲೆಗೇ ಮಾರುತ್ತಾರೆಂದೂ ಬಂದವರ ಹೆಸರನ್ನು ಸರತಿಯಾಗಿ ಬರೆದುಕೊಳ್ಳುತ್ತಾರೆಂದೂ ಪತ್ತೆಮಾಡಿದರು. ಐನೂರು ಡಾಲರು ಮುಂಗಡ, ಬೇಡವಾದರೆ ಹಿಂದಕ್ಕೆ. ಆರೇಳು ತಿಂಗಳಾಗಬಹುದೆಂದರು. ಹೆಸರು ಬರೆಸಿದರು. ಜೂನಿನಲ್ಲಿ ಮೊಮ್ಮಗಳು ಹುಟ್ಟಿ, ಆಸ್ಪತ್ರೆಯಿ೦ದ ಆ ಡಬ್ಬಿಯಲ್ಲಿಯೇ ಮನೆಗೆ ಬಂದಳು. ಅವಳನ್ನು ತರಲು ನಮಗೆ ಸ್ಥಳವಿಲ್ಲದೆ ನಾವು ಮನೆಯಲ್ಲಿ ಆರತಿಯ ತಟ್ಟೆಯ ಪಕ್ಕದಲ್ಲಿ ಕಾದಿದ್ದೆವು.

ಬಂಡಿ ಬಂದದ್ದು ನವೆಂಬರಿನಲ್ಲಿ. ನಾವು ಆಗ ಊರಿಗೆ ಹಿಂತಿರುಗಿ ಆಗಿತ್ತು. ಮಗಳು ಗಾಜಿನ ಮೇಲಿನ ಕಾಗದವನ್ನು ಹರಿಯದಂತೆ ಬಿಡಿಸಿ ನಾಲ್ಕಾಗಿ ಮಡಿಸಿ ಕಳುಹಿಸಿದಳು. ಒಂದೇ ಕಾಗದ. ಅದನ್ನು ಅರ್ಥಶಾಸ್ತ್ರದ ಆ ಪುಟದಲ್ಲಿ ಇಟ್ಟಿದ್ದೇವೆ. ಅದರ ಜೊತೆಗೆ ಬಂದ ಪತ್ರದಲ್ಲಿ ಅವಳು ಕೇಳಿದ್ದಳು: ಅಪ್ಪಾ, ಆ ಕಾಂಪೌಂಡರ ಸ್ಕೂಟರು ಆಮೇಲೆ ಏನಾಯಿತು?

೧೯೮೬ರ ಬೇಸಗೆಯಲ್ಲಿ, ಅವಧಿ ಮುಗಿದ ಮೇಲೆ, ಅವರು ವರ್ಗಾವಣೆಯ ಕಾಗದಗಳಿಗೆ ಸಹಿ ಹಾಕಿಸಿಕೊಳ್ಳಲು ಅದರ ಮೇಲೆಯೇ ನಮ್ಮ ಮನೆಗೆ ಬಂದರು. ನಾವು ರಜೆಗೆ ಬಂದಿದ್ದೆವು. ಒಂದು ಡಬ್ಬದ ತುಂಬ ಜೇನುತುಪ್ಪ ತಂದಿದ್ದರು. ಗಾಡಿ ಕೆಮ್ಮಣ್ಣಿನಲ್ಲಿ ಮುಳುಗೆದ್ದ ಹಾಗಿತ್ತು. ಹಿಂದಿನ ಸೀಟಿಗೆ ಔಷಧದ ಪೆಟ್ಟಿಗೆಯನ್ನು ಕಟ್ಟಿದ್ದ ಹಗ್ಗದ ಗುರುತು ಬಿದ್ದಿತ್ತು. ಅಪ್ಪ ಮೂರು ಕಡೆ ಸಹಿ ಹಾಕಿದರು. ಮಾತಿನ ಮಧ್ಯದಲ್ಲಿ ಅಪ್ಪ ಶಾಲೆಯ ಕಡೆ ಹೋಗಬೇಕಾಗಿದೆಯೆಂದು ತಿಳಿದು ಕಾಂಪೌಂಡರು, ತಾವೂ ಅದೇ ದಾರಿಯಾಗಿ ಹೋಗುವುದು, ಹಿಂದೆ ಕುಳಿತುಕೊಳ್ಳಿ ಮೇಷ್ಟ್ರೇ ಎಂದು ಪೆಟ್ಟಿಗೆಯನ್ನು ಬಿಚ್ಚಿ ಮುಂದಕ್ಕಿಟ್ಟುಕೊಂಡರು. ಅಪ್ಪ ಬಾಗಿಲ ಹಿಂದಿನಿಂದ ಕೊಡೆಯನ್ನು ತೆಗೆದುಕೊಂಡು, "ತಾವು ನಡೆಸಿ. ನನಗೆ ನಡೆದೇ ಅಭ್ಯಾಸ," ಎಂದು ಹೇಳಿ ಕಾಲುದಾರಿ ಹಿಡಿದರು.